ಗೆಳೆಯನ ಪಾಲಿನ ಗುಳಿಗೆ

“ನುಂಗಿದ ಪಟ್ಟ್ಯಾಗ ಹದಿನಾಲ್ಕು ದಿನ ಖಾಲಿ ಅದಾವ, ಆ ಗುಳಿಗಿ ಎಲ್ಲಿ ಹೋದುವು ಕಾಕಾ?” ಎಂದು ನರ್ಸಮ್ಮ ಕೇಳಿದಾಗ ಆಸ್ಪತ್ರೆಗೆ ನಾನು ಕರೆತಂದಿದ್ದ ನೆರೆಯ ಹುಸೇನಸಾಬರು ತಲೆ ತಗ್ಗಿಸಿದರು. ಹೆಪಟೈಟಿಸ್‌ನಿಂದ ಲಿವರ್ ಕ್ಯಾನ್ಸರ್ ಆದವರಿಗೆ ಒಂದು ಔಷಧ ಸಾಕೋ, ಎರಡು ಕೂಡಿಸಿ ಕೊಡಬೇಕೋ ಎಂದು ನೋಡುವ ಪ್ರಯೋಗವದು. ಚೀಟಿ ಎತ್ತಿದಂತೆ ಇವರಿಗೆ ಎರಡು ಬಗೆ ಬಂದಿತ್ತು, ಹನುಮಸಾಗರದ ಗೆಳೆಯ ಬಸಪ್ಪನಿಗೆ ಒಂದೇ.

“ಒಂದ ತಾಟಿನ್ಯಾಗ ಉಂಡು ಬೆಳದೇವ್ರಿ. ನಾ ಎರಡು ನುಂಗಿ ಅವ ಒಂದು ನುಂಗಿದ್ರ ಹೆಂಗ? ಎರಡನೇದು ದಿನಾ ಬಿಟ್ಟು ದಿನಾ ಅವಗ ಕೊಟ್ಟೀನಿ.”

“ನಾ ಬ್ಯಾಡ ಅಂದೆ, ಕೇಳ್ಲಿಲ್ರಿ,” ಎಂದ ಪಕ್ಕದಲ್ಲಿದ್ದ ಬಸಪ್ಪ.

“ನುಂಗೂಮುಂದ ಅನ್ಲಿಲ್ಲ ಮಗನ,” ಎಂದರು ಸಾಬರು.

ಡಾಕ್ಟರು ಬೈಯಲಿಲ್ಲ. ಹೋಲಿಕೆಯ ಲೆಕ್ಕ ಕೆಟ್ಟಿತೆಂದು ಇಬ್ಬರನ್ನೂ ಪ್ರಯೋಗದಿಂದ ಕೈಬಿಟ್ಟರು. ಇನ್ನು ಮಾಮೂಲಿ ಚಿಕಿತ್ಸೆಯಷ್ಟೇ.

ಮೊಮ್ಮಕ್ಕಳಿಗೆ ಹಂಚಿಕೊಂಡು ತಿನ್ನಿರೆಂದು ಹೇಳುವಾಗ ಈಗ ನನ್ನ ನಾಲಿಗೆ ತುಸು ತಡೆಯುತ್ತದೆ.