ಜಗಳಗಂಟಿ ಅಧ್ಯಕ್ಷೆ

ಮಾತಾಡುವಾಗ ಅತ್ತೆಯ ಎಡಗಣ್ಣು ಅರ್ಧ ಮುಚ್ಚಿಕೊಳ್ಳುತ್ತಿತ್ತು, ಕವಣೆಯಲ್ಲಿ ಗುರಿ ಇಡುವವರ ಹಾಗೆ. ಆ ಕಣ್ಣು ಕಿರಿದಾಯಿತೆಂದರೆ ಬೈಗುಳ ಬಂತೆಂದೇ ಲೆಕ್ಕ. ಅಪ್ಪನ ತಂಗಿ ಅವಳು. ಹಿರೇನಲ್ಲೂರು ಕಡೆಯ ಒಂದು ಪಂಚಾಯಿತಿಗೆ ಮೀಸಲಾತಿಯಲ್ಲಿ ಅಧ್ಯಕ್ಷೆಯಾಗಿ, ಇವಳನ್ನು ಬರೀ ಸಹಿ ಹಾಕಲು ಕೂರಿಸಿದ್ದೇವೆ ಎಂದುಕೊಂಡವರ ನಿದ್ದೆ ಕೆಡಿಸಿದವಳು. ಸಕ್ಕರೆ ಕಾಯಿಲೆಗೆ ಕಡೂರಿನ ಆಸ್ಪತ್ರೆಗೆ ತೋರಿಸಲು ನಮ್ಮ ಮನೆಗೆ ಬಂದವಳು ಇಲ್ಲೇ ಉಳಿದುಬಿಟ್ಟಳು. ನನ್ನನ್ನು ಕಂಡರೆ ಅವಳಿಗೆ ಅಷ್ಟಕ್ಕಷ್ಟೆ, ಅವಳನ್ನು ಕಂಡರೆ ನನಗೂ ಅಷ್ಟಕ್ಕಷ್ಟೆ. ನನ್ನ ಸಾರನ್ನು ಬಾಯಿಗಿಟ್ಟಾಗಲೆಲ್ಲ "ಬಾಣಂತಿಗೆ ಮಾಡ್ದಂಗದೆ" ಎನ್ನುತ್ತಿದ್ದಳು.

ಆಗಷ್ಟೇ ನಾನೂ ನನ್ನ ಗಂಡನೂ ಕಡೂರಿನಲ್ಲಿ ಆನ್‌ಲೈನ್ ಊಟದ ವ್ಯಾಪಾರ ಶುರು ಮಾಡಿದ್ದೆವು. ನಮ್ಮ ಆ್ಯಪ್‌ನಲ್ಲಿ ಆರ್ಡರ್ ಕೊಟ್ಟರೆ ಊರಿನ ಹೋಟೆಲುಗಳ ತಿಂಡಿ ಊಟವನ್ನು ಗಂಡ ಬೈಕಿನಲ್ಲಿ ಮನೆಗೆ ಮುಟ್ಟಿಸುತ್ತಿದ್ದ. ಬಸ್ ಸ್ಟ್ಯಾಂಡ್ ಹತ್ತಿರದ ದೊಡ್ಡ ಹೋಟೆಲೊಂದರಿಂದಲೇ ಅರ್ಧ ವ್ಯಾಪಾರ. ಸ್ವಲ್ಪ ಧೈರ್ಯ ಬಂದ ಮೇಲೆ ನನ್ನ ಅಡುಗೆಯನ್ನೂ ಸೇರಿಸಿದೆ. ಮುದ್ದೆ, ಸೊಪ್ಪಿನ ಸಾರು, ಭಾನುವಾರ ಮಟನ್. ಹೆಸರು ಹಾಕಿದೆ, ಫೋಟೋ ಹಾಕಿದೆ. ಆಗ ಫೋನು ಬರತೊಡಗಿತು.

"ಅಡುಗೆ ಮಾಡೋರು ಯಾರಮ್ಮ? ನೀವು ಯಾವ ಜನ?"

ನಾವು ಕೇರಿಯವರು, ಅಪ್ಪನ ಕಾಲದಲ್ಲಿ ಬೌದ್ಧರಾದವರು. ಹಾಗೆಂದು ಹೇಳಿದ ತಕ್ಷಣ ಫೋನು ಕಟ್. ಒಂದು ತುತ್ತೂ ತಿನ್ನದವರು 'ಕ್ಲೀನ್ ಇಲ್ಲ' ಎಂದು ಬರೆದರು. ಕೊನೆಗೆ ಆ ದೊಡ್ಡ ಹೋಟೆಲಿನ ಯಜಮಾನ ಹೇಳಿ ಕಳಿಸಿದ: ನಿಮ್ಮ ಮನೆ ಅಡುಗೆ ತೆಗೆಯಿರಿ, ಇಲ್ಲದಿದ್ದರೆ ನಾನೂ ಬಿಡುತ್ತೇನೆ, ಉಳಿದವರನ್ನೂ ಬಿಡಿಸುತ್ತೇನೆ.

"ಹೆಸ್ರು ಫೋಟೋ ತೆಗ್ದು 'ಮನೆ ಊಟ' ಅಂತಷ್ಟೇ ಹಾಕಣ ಬಿಡೇ. ಯಾರಿಗ್ ಗೊತ್ತಾಯ್ತದೆ?" ಎಂದ ಗಂಡ. ನನಗೂ ಅದೇ ಸರಿ ಅನ್ನಿಸಿ ಫೋನು ಕೈಗೆತ್ತಿಕೊಂಡೆ. ಮಂಚದ ಮೇಲಿದ್ದ ಅತ್ತೆ ಎದ್ದು ಬಂದಳು.

"ತೂ, ನಾಚ್ಕೆ ಆಗಲ್ವೇನೇ? ನಾನು ಎಲೆಕ್ಷನ್‌ಗೆ ನಿಂತಾಗ ವೋಟೇ ಕೇಳ್ಲಿಲ್ಲ. ಒಂದೊಂದ್ ಮನೆ ಮುಂದೂ ನಿಂತು ಕುಡಿಯೋಕೆ ನೀರು ಕೇಳ್ದೆ. ಲೋಟದಲ್ಲಿ ಕೊಟ್ಟೋರು ನಮ್ಮೋರು. ಬೊಗಸೆಗೆ ಹುಯ್ದೋರು, ಬಾಗ್ಲು ಹಾಕ್ಕೊಂಡೋರು ನಮ್ಮೋರಲ್ಲ. ಆ ಕಡೆ ಮತ್ತೆ ತಿರುಗಿ ನೋಡ್ಲಿಲ್ಲ. ನೀನು ಕೊಡದೋರ್ ಮುಂದೇನೇ ನಿಂತ್ಕಂಡು ಅಳ್ತಿದೀಯ."

ಮರುದಿನ ನನ್ನನ್ನು ಆ ಹೋಟೆಲಿಗೆ ಎಳೆದುಕೊಂಡು ಹೋದಳು. ಊಟದ ಹೊತ್ತು, ಜನ ತುಂಬಿತ್ತು. ಗಲ್ಲಾದಲ್ಲಿ ಯಜಮಾನ.

"ಏನಪ್ಪಾ, ಕುಡಿಯೋಕೆ ಒಂಚೂರು ನೀರ್ ಕೊಡು."

ಎಲ್ಲ ಟೇಬಲ್ಲಿನ ಮೇಲೂ ಸ್ಟೀಲ್ ಲೋಟಗಳಿದ್ದವು. ಯಜಮಾನ ಸಪ್ಲೈಯರ್ ಕಡೆ ನೋಡಿದ. ನೀರು ಪೇಪರ್ ಕಪ್ಪಿನಲ್ಲಿ ಬಂತು. ಅತ್ತೆ ಪೂರ್ತಿ ಕುಡಿದು ಕಪ್ಪನ್ನು ಅವನ ಎದುರಿಗೇ ಇಟ್ಟಳು. ಈಗ ಬೈಗುಳ ಶುರು ಎಂದುಕೊಂಡೆ. ಅವಳು ನನ್ನ ಕಡೆ ತಿರುಗಿದಳು.

"ಇವ್ನ ಹೋಟ್ಲು ನಿನ್ ಫೋನಿಂದ ತೆಗಿ. ಈಗ್ಲೇ."

"ಅತ್ತೆ, ಅರ್ಧ ವ್ಯಾಪಾರ ಇವ್ರದ್ದೇ..."

"ಅವ್ನು ರಾಜೀನಾಮೆ ಕೊಡೋಕ್ ಮುಂಚೆ ನೀನು ಉಚ್ಚಾಟನೆ ಮಾಡು. ರಾಜಕೀಯ ಅಂದ್ರೆ ಅಷ್ಟೇ ಕಣೇ."

ಉಣ್ಣುತ್ತಿದ್ದವರು ಕೈ ನಿಲ್ಲಿಸಿ ನೋಡುತ್ತಿದ್ದರು. ಅವರೆದುರಿಗೇ ಆ ಹೋಟೆಲನ್ನು ಆ್ಯಪ್‌ನಿಂದ ತೆಗೆದೆ.

"ಬೀದಿಗ್ ಬತ್ತೀರಾ, ನೋಡ್ತಿರಿ," ಎಂದ ಯಜಮಾನ.

"ಬೀದೀಲೇ ಇದ್ದೋರು ಕಣೋ ನಾವು. ಹೊಸ್ದಾಗಿ ಏನ್ ತರ್ತೀಯ?"

ಅವನು ಹೇಳಿದಂತೆಯೇ ಆಯಿತು. ಉಳಿದ ಹೋಟೆಲಿನವರೂ ಬಿಟ್ಟರು. ಬೈಕು ಮನೆ ಮುಂದೆಯೇ ನಿಂತಿರುತ್ತಿತ್ತು. "ನಿನ್ನ ಬಾಯಿಂದ ನಮ್ ಮನೆ ಹಾಳಾಯ್ತು, ಊರಿಗ್ ಹೋಗು" ಎಂದು ಅತ್ತೆಯ ಮೇಲೆ ಕಿರುಚಿದೆ. ಅವಳು ಊರಿಗೆ ಹೋಗಲಿಲ್ಲ. "ಮುಗೀತಾ? ಚಪ್ಲಿ ಹಾಕ್ಕೋ" ಎಂದಳು.

ಬೀದಿ ಬೀದಿ ಸುತ್ತಿದೆವು. ಅವಳು ನೀರು ಕೇಳುತ್ತಿದ್ದಳು, ನಾನು ಪಕ್ಕದಲ್ಲಿ ನಿಂತು ಬಾಗಿಲು ಮುಚ್ಚುವುದನ್ನು ನೋಡುತ್ತಿದ್ದೆ. ರೊಟ್ಟಿ ತಟ್ಟಿ ಮಾರುತ್ತಿದ್ದ ಸಿಂಗಟಗೆರೆಯ ಹೆಣ್ಣುಮಗಳೊಬ್ಬಳು, ಮಠಕ್ಕೆ ನಡೆದುಕೊಳ್ಳುವ ಮನೆಯವಳು, ಒಳಗಿನಿಂದ ಅವಳ ಗಂಡನ ತಾಯಿ ಗದರುತ್ತಿದ್ದರೂ ಲೋಟ ತುಂಬ ನೀರು ತಂದಳು, ಜೊತೆಗೆ ಬೆಲ್ಲ. ನಾನು ಬೇಡವೆಂದು ಕೈ ಹಿಡಿದರೂ ಅತ್ತೆ ಬಿಡದೆ ಆ ಬೆಲ್ಲ ಬಾಯಿಗೆ ಹಾಕಿಕೊಂಡಳು. ಅವಳ ಮುಖ ಮೆತ್ತಗಾದದ್ದನ್ನು ನಾನು ಕಂಡದ್ದು ಅಂದೇ.

ಆ ರೊಟ್ಟಿ ನಮ್ಮ ಆ್ಯಪ್‌ಗೆ ಬಂತು. ಸ್ಟೇಷನ್ ಹತ್ತಿರದ ಬಿರಿಯಾನಿಯವನು ಬಂದ. ಆಸ್ಪತ್ರೆಯ ನರ್ಸುಗಳು, ಹಾಸ್ಟೆಲ್ ಹುಡುಗಿಯರು ನನ್ನ ಮುದ್ದೆ ತರಿಸಿಕೊಂಡರು. ಕೆಟ್ಟ ಫೋನುಗಳು ನಿಲ್ಲಲಿಲ್ಲ, ಆರ್ಡರುಗಳೂ ನಿಲ್ಲಲಿಲ್ಲ. ತರೀಕೆರೆಗೂ ಅಜ್ಜಂಪುರಕ್ಕೂ ಒಬ್ಬೊಬ್ಬ ಡೆಲಿವರಿಯವನನ್ನು ಇಡುವ ಹೊತ್ತಿಗೆ ಸಕ್ಕರೆ ಕಾಯಿಲೆಯಿಂದ ಅತ್ತೆಯ ಕಾಲಿಗಾಗಿದ್ದ ಗಾಯ ಮಾಯದೆ ಮೇಲಕ್ಕೆ ಹಬ್ಬಿತು. ತರೀಕೆರೆಯಲ್ಲಿದ್ದ ಅವಳ ಮಗಳು ಬಂದು ಕರೆದೊಯ್ದಳು; ಆ ಮನೆಯಲ್ಲೇ, ಡಾಕ್ಟರಿಗೂ ಬೈದು, ಅತ್ತೆ ಹೋಗಿಬಿಟ್ಟಳು.

ಆಮೇಲೆ ಒಂದು ಮಧ್ಯಾಹ್ನ ಆ ಹೋಟೆಲಿನ ಯಜಮಾನ ನಮ್ಮ ಬಾಗಿಲಿಗೆ ಬಂದ.

"ಹಳೇದೆಲ್ಲ ಬಿಟ್ಬಿಡಿ ಮೇಡಂ. ನಮ್ದೂ ಸೇರಿಸ್ಕೊಳ್ಳಿ."

"ಸೇರಿಸ್ಕೋತೀನಿ. ನಮ್ಮನೆ ಅಡುಗೆ ಮೇಲಿರ್ತದೆ, ನನ್ನ ಫೋಟೋ ಸಮೇತ. ನಿಮ್ದು ಅದರ ಕೆಳಗೆ."

ಅವನು ಮುಖ ಬಿಗಿದುಕೊಂಡು ಹೂಂ ಎಂದ. ಕೂರಿ ಎಂದು ನಾನು ಹೇಳಲಿಲ್ಲ.

ಅವನು ಹೋದ ಮೇಲೆ ಗಂಡನಿಗೆ ಹೇಳಿದೆ. ಅವನಿಗೆ ಖುಷಿಯಾಯಿತು. ನನಗೆ ಅದು ಸಾಲಲಿಲ್ಲ. ಈ ಸುದ್ದಿ ಕೇಳಬೇಕಾದವಳು ತರೀಕೆರೆಯ ಮಣ್ಣಿನಲ್ಲಿದ್ದಳು. ಇದ್ದಿದ್ದರೂ ಶಭಾಷ್ ಎನ್ನುತ್ತಿರಲಿಲ್ಲ. "ಇಷ್ಟ್ ಬೇಗ ಯಾಕೇ ಒಪ್ಕೊಂಡೆ? ಇನ್ನೂ ನಾಕ್ ಸಲ ತಿರುಗಿಸ್ಬೇಕಿತ್ತು" ಎಂದು ವಾರವಿಡೀ ಬೈಯುತ್ತಿದ್ದಳು. ಬೈಯುವವರಿಲ್ಲದ ಆ ಮನೆಯಲ್ಲಿ ಸಂಜೆಯ ಆರ್ಡರಿಗೆ ಒಲೆ ಹಚ್ಚಲು ನನಗೆ ಬಹಳ ಹೊತ್ತು ಹಿಡಿಯಿತು.