ಬೀಗರು ಒತ್ತಿದ ಜಾಹೀರಾತು

ಕಾರಟಗಿಯಲ್ಲಿ ಸೀರೆ ಅಂಗಡಿ ಇಟ್ಟಿರುವ ಶಂಕ್ರಪ್ಪನವರಿಗೆ ಇಂಟರ್ನೆಟ್ ಜಾಹೀರಾತು ಹಾಕಿಕೊಟ್ಟವನು ನಾನೇ. ಯಾರಾದರೂ ಮೊಬೈಲಿನಲ್ಲಿ ಸೀರೆ ಅಂಗಡಿ ಹುಡುಕಿದರೆ ಇವರ ಹೆಸರು ಮೇಲೆ ಕಾಣುತ್ತದೆ; ಅದನ್ನು ಒತ್ತಿದರೆ ಮಾತ್ರ ಇವರ ದುಡ್ಡು ಕಟ್. ವಾರ ಕಳೆಯಿತು. ಒತ್ತಿದವರು ಬೇಕಾದಷ್ಟು, ಹೊಸ ಗಿರಾಕಿ ಒಬ್ಬರೂ ಇಲ್ಲ.

ವಿಚಾರಿಸಿದರೆ ಶಂಕ್ರಪ್ಪ ಹಿಗ್ಗಿನಿಂದ ಹೇಳಿದರು: “ಯಲಬುರ್ಗಾದ ಬೀಗರು, ಕನಕಗಿರಿ ಅಕ್ಕ, ಎಲ್ಲಾರಿಗೂ ಹೇಳೀನ್ರಿ. ದಿನಾ ಮುಂಜಾನೆ ಹುಡುಕಿ ಒತ್ತತಾರ.”

“ಅಯ್ಯೋ ಸಾವಕಾರ್ರ, ಅವರು ಒತ್ತಿದ್ರೂ ನಿಮ್ಮ ದುಡ್ಡ ಹೋಗತೈತ್ರಿ!” ಅಂದೆ.

ಅವರು ನಕ್ಕು ಕೈ ಬೀಸಿದರು. “ಹೋಗ್ಲಿ ಬಿಡ್ರಿ. ಬೀಗರು ಅಂಗಡಿಗೆ ಬಂದ್ರ, ಸೀರಿ ತಗೊಂಡ್ರ ಅಷ್ಟ ಚಾ ಕೊಡ್ತೀವೇನ್ರಿ?”

ನನ್ನ ಕೈಯಲ್ಲಿದ್ದದ್ದು ಅವರ ಅಂಗಡಿಯ ಮೂರನೇ ಚಾ. ಅಲ್ಲಿ ನಾನು ಒಂದು ಕರವಸ್ತ್ರವನ್ನೂ ಕೊಂಡವನಲ್ಲ.