ಬೋಳು ದಂಡೆಗೆ ಹಾಕಿದ ಪುಂಡಿ

ನಮ್ಮ ಮನೆಯಲ್ಲಿ ಕಾಲೇಜು ಕಂಡವಳು ನಾನೇ ಮೊದಲು. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿಬಂದು ಪದವಿ ಮುಗಿಸಿದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಎಂಎಸ್ಸಿ ಪ್ರಾಜೆಕ್ಟಿಗೆ ನಮ್ಮೂರ ಕೆರೆಯನ್ನೇ ಆರಿಸಿಕೊಂಡೆ.

ಕೆರೆಯ ಒಂದು ದಂಡೆಯಲ್ಲಿ ಆಳೆತ್ತರದ ಜೊಂಡು. ಎದುರು ದಂಡೆಯ ಜೊಂಡನ್ನು ಸುಟ್ಟು ಬೋಳು ಮಾಡಿ, ನೀರಿನ ಅಂಚಿನವರೆಗೆ ಕಬ್ಬು ಹಚ್ಚಿದ್ದರು. ಒಣಗಿದ ಎಲೆಗಳನ್ನು ತೂಗಿ, ಸೊಳ್ಳೆಪರದೆಯ ಚೀಲಗಳಲ್ಲಿ ತುಂಬಿ, ಎರಡೂ ಕಡೆ ಮುಳುಗಿಸಿದೆ. ಆಗಾಗ ಒಂದೊಂದು ಚೀಲ ತೆಗೆದು, ಒಣಗಿಸಿ, ಎಷ್ಟು ಕೊಳೆತಿದೆ ಎಂದು ಮತ್ತೆ ತೂಗುವುದು ನನ್ನ ಕೆಲಸ.

ಅಪ್ಪ ಹಗ್ಗ ಹೊಸೆಯುವವನು. ನಾರಿಗಾಗಿ ಬೆಳೆದ ಪುಂಡಿ ಗಿಡದ ಕಟ್ಟಿಗೆಯ ಹೊರೆಗಳನ್ನು ಪ್ರತಿ ವರ್ಷ ಜೊಂಡಿನ ಕಡೆಯೇ ನೆನೆಹಾಕುತ್ತಿದ್ದ. ಸಿಪ್ಪೆ ಹದವಾಗಿ ಕೊಳೆತರೆ ನಾರು ಸುಲಿದು ಬರುತ್ತದೆ, ಹದ ಮೀರಿದರೆ ನಾರೇ ಹಾಳು. ವರ್ಷದ ಹಗ್ಗಕ್ಕೆಲ್ಲ ಆ ನಾರೇ ಆಧಾರ.

"ಅಪ್ಪಾ, ಈ ಸಲ ಹೊರಿ ಆ ಕಡಿ, ನನ್ನ ಚೀಲ ಬಿಟ್ಟು ದೂರ ಹಾಕು. ಇಲ್ಲಿ ಜಾಗ ಇಕ್ಕಟ್ಟು, ಹಾಕಿದ್ರ ನನ್ನ ಚೀಲದ ನೀರು ಕೆಡ್ತದ" ಎಂದೆ.

ಅಲ್ಲೇ ಬೀಡಿ ಸೇದುತ್ತಿದ್ದ ಪಕ್ಕದ ಮನೆಯ ಕಾಕಾ ನಕ್ಕ. "ಏನಪಾ, ನಿನ್ನ ಮಗಳು ಕೆರಿಗಿ ತಾಯತ ಕಟ್ಟಾಕತ್ತಾಳೇನು?"

"ಓದಿದಾಕಿ ಅದಾಳ, ನಿನಗ ತಿಳಿಯಂಗಿಲ್ಲ ಸುಮ್ಕಿರು" ಎಂದ ಅಪ್ಪ, ಹೊರೆಗಳನ್ನೆಲ್ಲ ಬೋಳು ದಂಡೆಗೆ ಹೊತ್ತುಹಾಕಿ ಮೇಲೆ ಕಲ್ಲು ಹೇರಿದ.

ಹದಿನೈದು ದಿನ ಹೊರೆ ಮುಟ್ಟಬಾರದು ಎಂಬುದು ಅಪ್ಪನ ಕಟ್ಟುನಿಟ್ಟು. ಹತ್ತನೆಯ ದಿನ ನಾನು ಚೀಲ ತೆಗೆದೆ. ಜೊಂಡಿನ ಕಡೆಯದರಲ್ಲಿ ಎಲೆ ಇನ್ನೂ ಎಲೆಯಾಗಿಯೇ ಇತ್ತು. ಬೋಳು ದಂಡೆಯದು ಹಗುರವಾಗಿ ಬಂತು, ಒಳಗೆ ಬರೀ ಕಪ್ಪು ಲೋಳೆ. ನೀರಿಗೆ ನೈಟ್ರೇಟ್ ಪರೀಕ್ಷೆಯ ಪಟ್ಟಿ ಅದ್ದಿದರೆ ಗಾಢ ಕೆಂಪಾಯಿತು. ಕಬ್ಬಿಗೆ ಹಾಕಿದ ಗೊಬ್ಬರ ತಡೆಯಿಲ್ಲದೆ ಕೆರೆಗೆ ಇಳಿದಿತ್ತು. ಹೀರಿಕೊಳ್ಳಲು ಅಲ್ಲಿ ಜೊಂಡಿರಲಿಲ್ಲ. ಆ ಗೊಬ್ಬರ ತಿಂದು, ಎಲೆ ಕೊಳೆಸುವ ಜೀವಿಗಳು ಕೊಬ್ಬಿದ್ದವು. ನನಗೆ ಮೊದಲು ಖುಷಿಯೇ ಆಯಿತು, ಇಷ್ಟು ಸ್ಪಷ್ಟ ಫಲಿತಾಂಶ ಯಾರಿಗೆ ಸಿಗುತ್ತದೆ ಎಂದು. ಹೊರೆಗಳ ನೆನಪಾದದ್ದು ಆಮೇಲೆ.

ಮನೆಗೆ ಓಡಿದೆ. "ಅಪ್ಪಾ, ಹೊರಿ ಇವತ್ತೇ ತೆಗಿ."

"ಇನ್ನಾ ಐದು ದಿನ ಅದಾವ."

ಚೀಲವನ್ನು ಅವನ ಅಂಗೈ ಮೇಲೆ ಇಟ್ಟೆ. ಲೋಳೆಯನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದ. ಚಪ್ಪಲಿ ಮೆಟ್ಟದೆ ಕೆರೆಯ ಕಡೆ ನಡೆದ.

ಕಲ್ಲು ಸರಿಸಿದಾಗ ಎದ್ದ ವಾಸನೆ ಪುಂಡಿ ಕೊಳೆಯುವ ವಾಸನೆಯಲ್ಲ. ಅದು ನನಗೆ ಗೊತ್ತು, ಆ ವಾಸನೆಯಲ್ಲೇ ಬೆಳೆದವಳು ನಾನು. ಹೊರೆಯ ಅಡಿಯಿಂದ ಸಣ್ಣ ಮೀನುಗಳು ಹೊಟ್ಟೆ ಮೇಲಾಗಿ ತೇಲಿಬಂದವು. ಸಿಪ್ಪೆ ನೆನೆದ ಕಾಗದದ ಹಾಗೆ ಅವನ ಬೆರಳಿಗೆ ಮೆತ್ತಿಕೊಂಡಿತು. ಒಳಗಿನ ಒಂದು ಎಳೆ ಉದ್ದಕ್ಕೆ ಬಂತು. ಎರಡೂ ಕೈಯಲ್ಲಿ ಹಿಡಿದು ಎಳೆದ. ಸದ್ದೂ ಇಲ್ಲದೆ ಹರಿಯಿತು.

ಎಲ್ಲ ಹೊರೆಗಳನ್ನೂ ಬಿಚ್ಚಿ ನೋಡಿದ. ನಾನು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದೆ, ಕಾಲು ತುರಿಸುತ್ತಿತ್ತು.

"ಈ ದಂಡಿಗಿ ನೀರು ಕುಡಿಸಾಕ ಎಮ್ಮಿ ಹೊಡಿಬ್ಯಾಡ್ರಿ ಅಂತ ಊರಾಗ ಹೇಳು" ಎಂದ.

"ನನ್ನ ಮಾತು ಯಾರು ಕೇಳ್ತಾರ?"

"ನಾ ಕೇಳಿದ್ನಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಅವನು ಕೈ ತೊಳೆಯಲು ಬಗ್ಗಿದವನು, ನೀರು ನೋಡಿ, ತೊಳೆಯದೆಯೇ ಮೇಲೆ ಬಂದ. ಹೊರೆ ಎತ್ತಿದ ಜಾಗದಲ್ಲಿ ಗುಳ್ಳೆಗಳು ಏಳುತ್ತಲೇ ಇದ್ದವು.